ಚನ್ನಮಲ್ಲಪ್ಪನವರು ಆರಿಸಿದ ಪೆಟ್ಟಿಗೆ

ನನ್ನ ಗಂಡನಿಗೆ ಆರಿಸಲು ಬರುವುದಿಲ್ಲ. ಬದನೆಕಾಯಿ ತರಲು ಕಳಿಸಿದರೆ ಹುಳುಕನ್ನೇ ಹುಡುಕಿ ತರುತ್ತಾರೆ. ಬ್ಯಾಂಕಿನಲ್ಲಿ ಎರಡು ಸಾಲಿದ್ದರೆ ನಿಂತುಹೋಗುವ ಸಾಲಿಗೇ ಸೇರುತ್ತಾರೆ. ನನ್ನನ್ನು ಆರಿಸಿದ್ದು ಅವರಪ್ಪ, ಆದ್ದರಿಂದ ಅದೊಂದು ಸರಿಯಾಯಿತು. ಮೊನ್ನೆ ನಮ್ಮ ಬ್ಲಾಕಿನ ಹಿರಿಯರ ಸಂಘದವರು ಬಂದು, "ಮೇಡಂ, ನೀವು ಕನ್ನಡ ಟೀಚರ್ ಆಗಿದ್ದೋರು, ಸಂಚಿಕೆಗೆ ನಿಮ್ಮ ಯಜಮಾನ್ರ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡಿ" ಎಂದರು. ಬರೆದುಕೊಟ್ಟೆ. ನಾಲ್ಕು ಹುಡುಕುವಷ್ಟರಲ್ಲಿ ಸಾಕಾಯಿತು. ಇದು ಅದಲ್ಲ. ಇದು ಅಚ್ಚಿಗೆ ಹೋಗುವುದಲ್ಲ, ನನ್ನ ಹೊಟ್ಟೆಯುರಿಗೆ ಬರೆದುಕೊಳ್ಳುತ್ತಿರುವುದು.

ಅವರ ಹೆಸರು ಚನ್ನಮಲ್ಲಪ್ಪ. ದಾವಣಗೆರೆ ಕಡೆಯವರು. ನಮ್ಮ ಮಾವನವರು ಬಟ್ಟೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ರಾಜಾಜಿನಗರದಲ್ಲಿ ಮನೆ ಕಟ್ಟಿಸಿದರು. ಇವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ವೈರುಗಳ ನಡುವೆ ನಿಂತು ನಿವೃತ್ತರಾದವರು. ಸಿಟ್ಟು ಮೂಗಿನ ತುದಿಯಲ್ಲಿ, ಕ್ಷಮೆ ಎಲ್ಲೋ ಬೆನ್ನ ಹಿಂದೆ ಕೈಗೆ ಸಿಗದ ಜಾಗದಲ್ಲಿ. ಆದರೆ ಕಿವಿ ಮಾತ್ರ ದೇವರು ಪುರುಸೊತ್ತಿನಲ್ಲಿ ಮಾಡಿದ್ದು. ಎದುರು ಮನೆಯ ಕುಕ್ಕರ್ ಕೂಗಿದರೆ ಅದು ಯಾವ ಸ್ವರ ಎಂದು ಹೇಳುತ್ತಾರೆ. ಕೇಳಿದವರು ಯಾರು ಎಂಬುದು ಬೇರೆ ಮಾತು.

ಇವರ ಅಣ್ಣ, ನನ್ನ ಭಾವ, ಕರಿಬಸಪ್ಪನವರು ಸ್ಟೀಲ್ ಪಾತ್ರೆ ಅಂಗಡಿಯವರು. ತಮ್ಮನಿಗೆ ಕಿವಿ ಕೊಟ್ಟ ದೇವರು ಅಣ್ಣನಿಗೆ ಕಂಠ ಕೊಟ್ಟ. ಮಾವನವರ ಹತ್ತಿರ ಒಂದು ಹಳೆಯ ಹಾರ್ಮೋನಿಯಂ ಇತ್ತು. ಸಂಜೆ ಪೂಜೆಯಾದ ಮೇಲೆ ಅದನ್ನು ಮುಂದಿಟ್ಟುಕೊಂಡು ವಚನ ಹಾಡುವುದು ಆ ಮನೆಯ ಪದ್ಧತಿ. ಮಾವನವರ ಕೈ ನಡುಗತೊಡಗಿದ ಮೇಲೆ ಅದು ಇವರ ಕೈಗೆ ಬಂತು. ತಮ್ಮ ನುಡಿಸಬೇಕು, ಅಣ್ಣ ಹಾಡಬೇಕು. ಹಾಡುವ ಮೊದಲು ಭಾವ ಗಂಟಲು ಸರಿಮಾಡಿಕೊಂಡು, ಒಂದು ಸಲ ಸ್ವರ ಹಿಡಿದು, ಇವರತ್ತ ತಿರುಗಿ "ಸರಿ ಇದೆಯೇನೋ ಚನ್ನಾ?" ಎಂದು ಕೇಳುತ್ತಿದ್ದರು. ಇವರು "ಸರಿ ಇದೆ" ಎನ್ನಬೇಕು. ಅಲ್ಲಿಯವರೆಗೆ ಹಾಡು ಶುರುವಾಗುತ್ತಿರಲಿಲ್ಲ. ನೆಂಟರು ಬಂದಿರಲಿ, ಸ್ವಾಮಿಗಳೇ ಬಂದಿರಲಿ, ತಮ್ಮನ ಅಪ್ಪಣೆಯಾಗದೆ ಅಣ್ಣನ ಬಾಯಿ ತೆರೆಯುತ್ತಿರಲಿಲ್ಲ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಸುಮ್ಮನೆ ಹೇಳಿಲ್ಲ. ಮಾವನವರು ತೀರಿಕೊಂಡು ವರ್ಷ ತುಂಬುವುದರೊಳಗೆ ಸಂಪಿನ ಮೋಟಾರು ಯಾರು ಹಾಕಬೇಕು, ಯಾರು ಆರಿಸಬೇಕು ಎಂಬಲ್ಲಿಂದ ಶುರುವಾದ ಜಗಳ ಮನೆ ಪಾಲಾಗುವಲ್ಲಿಗೆ ಬಂತು. ನಮ್ಮಲ್ಲಿ ಪದ್ಧತಿಯೊಂದಿದೆ. ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ಹಾಗಾದರೆ ಹಿರಿಯ ಮೋಸ ಮಾಡಲಾರ ಎಂದು ಹಿಂದಿನವರ ಲೆಕ್ಕ. ಭಾವ ಮನೆಯ ನಡುವೆ ಹಗ್ಗ ಹಿಡಿದು ಸಮವಾಗಿ ಎರಡು ಪಾಲು ಮಾಡಿ, ಹಿರಿಯರೆದುರು "ಆರಿಸ್ಕೋ ಚನ್ನಾ" ಎಂದರು. ಇವರು ಹಿಂದೆ ಮುಂದೆ ನೋಡಲಿಲ್ಲ. ಸಂಪು ಇರುವ ಪಾಲಿಗೆ ಬೆರಳು ತೋರಿಸಿದರು. ನೀರು ಬೇಕಾಗಿತ್ತು ಎಂದಲ್ಲ, ಅಣ್ಣನಿಗೆ ಸಿಗಬಾರದು ಎಂದು.

ದೇವರ ಕೋಣೆ ಇದ್ದದ್ದು ಇನ್ನೊಂದು ಪಾಲಿನಲ್ಲಿ. ದೇವರ ಕೋಣೆಯ ಸಾಮಾನು ಪಾಲಿಗೆ ಬರುವುದಿಲ್ಲ, ಕೋಣೆ ಯಾರದೋ ಸಾಮಾನೂ ಅವರದೇ. ದೀಪದ ಕಂಬ, ಗಂಟೆ, ಮಾವನವರ ಮಣೆ ಎಲ್ಲ ಆ ಕಡೆಗಾಯಿತು. ಮೂಲೆಯಲ್ಲಿ ಮಾವನವರ ಪೂಜೆಯ ರೇಷ್ಮೆ ಮಗುಟ ಹೊದಿಸಿ ಇಟ್ಟಿದ್ದ ಹಾರ್ಮೋನಿಯಂ ಕೂಡ. ಅದು ಇವರಿಗೆ ಹೊಳೆದಾಗ ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಎದ್ದಾಗಿತ್ತು.

"ಹೋಗಿ ಕೇಳಿ, ಭಾವ ಇಲ್ಲ ಅನ್ನಲ್ಲ," ಎಂದೆ.

"ಆರಿಸಿದ್ದು ನಾನು. ಆರಿಸಿದೋನು ಕೈಯೊಡ್ಡಬಾರದು," ಎಂದರು.

ಹನ್ನೊಂದು ವರ್ಷ ಅದೇ ಮಾತು. ಮನೆಯ ನಡುವೆ ಅರ್ಧ ಇಟ್ಟಿಗೆಯ ಗೋಡೆ ಎದ್ದಿತು. ಎರಡೂ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಉಳಿದವು. ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ಸಂಜೆ ಪೂಜೆ ಮುಗಿದ ಮೇಲೆ ಭಾವ ತಮಗೆ ಬಾರದ ಹಾರ್ಮೋನಿಯಮನ್ನು ತಾವೇ ಒತ್ತಿಕೊಂಡು ಹಾಡುತ್ತಾರೆ. ಈ ಕಡೆ ಇವರು ಟೀವಿಯ ದನಿ ತೆಗೆದು, ಗೋಡೆಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ಅಲ್ಲಲ್ಲ, ಆ ಬೆರಳಲ್ಲ, ಕತ್ತೆ," ಎಂದು ಬೈಯುತ್ತಾರೆ. ಬೈದುಕೊಂಡೇ ಕೊನೆಯವರೆಗೂ ಕೇಳುತ್ತಾರೆ. ಆ ಮನುಷ್ಯನಿಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ, ಅಪ್ಪನ ಹಾರ್ಮೋನಿಯಂನ ದನಿ. ಒಂದು ಮಾತು ಕೇಳಿದ್ದರೆ ಸಿಗುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಎರಡೂ ಮನೆಗೆ ಸಲ್ಲುವವಳು ಒಬ್ಬಳೇ, ಭಾವನ ಮಗಳು ವಚನಾ. ಅವಳ ತಾಯಿ ಬೇಗ ಹೋದಳು. ತಲೆ ಬಾಚಿ, ಊಟ ಮಾಡಿಸಿ, ಶಾಲೆಗೆ ಕಳಿಸಿದವಳು ನಾನು. ಗೋಡೆ ಎದ್ದ ಮೇಲೆ ಅವಳು ತಾರಸಿಯ ಮೇಲಿನ ಮೋಟುಗೋಡೆ ದಾಟಿ ಬರುತ್ತಾಳೆ. ಮುಂಬಾಗಿಲಿನಿಂದ ಬಂದರೆ ಅಪ್ಪನಿಗೂ ಚಿಕ್ಕಪ್ಪನಿಗೂ ಮರ್ಯಾದೆಗೆ ಕಡಿಮೆಯಂತೆ. ಇಬ್ಬರು ಮುದುಕರ ಮರ್ಯಾದೆಗಾಗಿ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಗೋಡೆ ಹಾರಬೇಕು.

ಇನ್ನು ಪೆಟ್ಟಿಗೆಯ ಕತೆ. ನಮ್ಮ ಮೇಲಿನ ಮನೆಯಲ್ಲಿ ಬಸವಕಿರಣ್ ಎಂಬ ಬಾಡಿಗೆದಾರನಿದ್ದಾನೆ. ನಲವತ್ತು ದಾಟಿದರೂ ಚಡ್ಡಿ ಹಾಕಿಕೊಂಡೇ ಹಾಲಿಗೆ ಹೋಗುತ್ತಾನೆ. ಜಾಹೀರಾತುಗಳಿಗೆ ಹಿನ್ನೆಲೆ ಸಂಗೀತ ಮಾಡುವುದು ಅವನ ಕಸುಬು. ಕಳೆದ ವರ್ಷ ಒಂದು ದಿನ ಮೇಲಿನ ಟ್ಯಾಂಕ್ ತುಂಬಿ ನೀರು ಹರಿಯಿತೆಂದು ಇವರು ಅವನನ್ನು ಬೈಯಲು ಮೆಟ್ಟಿಲು ಹತ್ತಿದರು. ಹೋದವರು ಇಳಿಯಲಿಲ್ಲ. ಕೈ ಕೈ ಮಿಲಾಯಿಸಿದರೋ ಎಂದು ನಾನೇ ಹತ್ತಿ ನೋಡಿದರೆ, ಇವರು ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಪೆಟ್ಟಿಗೆಯ ಮುಂದೆ ನಿಂತಿದ್ದಾರೆ. ಪೆಟ್ಟಿಗೆಯ ತುಂಬ ನಾಬುಗಳು, ತೂತುಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಹೋದ ಬಣ್ಣಬಣ್ಣದ ವೈರುಗಳು.

"ನಮ್ಮ ಹಳೇ ಎಕ್ಸ್‌ಚೇಂಜ್ ಇದ್ದಂಗಿದೆ ಕಣೇ," ಎಂದರು. ಅಷ್ಟು ಮೆತ್ತಗಿನ ದನಿ ನಾನು ಕೇಳಿ ಬಹಳ ಕಾಲವಾಗಿತ್ತು.

"ಇದು ಮಾಡ್ಯುಲರ್ ಸಿಂಥಸೈಜರ್ ಆಂಟಿ," ಎಂದ ಬಸವಕಿರಣ್. "ಕೀಬೋರ್ಡ್ ಥರ ಕಂಪನಿಯವ್ರೇ ಎಲ್ಲಾ ತುಂಬಿ ಕೊಡಲ್ಲ. ಒಂದೊಂದು ಮಾಡ್ಯೂಲ್ ಒಂದೊಂದು ಕೆಲ್ಸ ಮಾಡುತ್ತೆ. ಯಾವ್ಯಾವ್ದು ಬೇಕೋ ನಾವೇ ಆರಿಸ್ಕೊಂಡು ಜೋಡಿಸ್ಕೋಬೇಕು."

ಆರಿಸಿಕೊಳ್ಳಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಎದೆ ಧಸಕ್ಕೆಂದಿತು.

ಮಾರನೆಯ ದಿನದಿಂದ ನಮ್ಮ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಇವರು ಹಳೆಯ ಮದುವೆ ಕರೆಯೋಲೆಗಳ ರಟ್ಟನ್ನು ಕತ್ತರಿಸಿ, ಒಂದೊಂದು ಮಾಡ್ಯೂಲಿನ ಅಗಲಕ್ಕೆ ಒಂದೊಂದು ಚೂರು ಮಾಡಿ, ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಯಾರದೋ ಹೆಣ್ಣುಗಂಡಿನ ಹೆಸರಿನ ಮೇಲೆ 'ಫಿಲ್ಟರ್' ಎಂದು ಬರೆದಿರುತ್ತಿದ್ದರು. ನಾನು ತಟ್ಟೆ ಇಡಲು ಒಂದನ್ನು ಸರಿಸಿದರೆ ಕೂಗಾಟ. ಬಸವಕಿರಣ್ ದಿನಾ ಸಂಜೆ ಇಳಿದು ಬಂದು, ನನ್ನ ಕಾಫಿ ಕುಡಿದು, ಇವರಿಗೆ ಬುದ್ಧಿ ಹೇಳುತ್ತಿದ್ದ. ಅವನ ಬುದ್ಧಿಯನ್ನು ಇವರು ತೆಗೆದುಕೊಳ್ಳಲಿಲ್ಲ, ನನ್ನ ಕಾಫಿಯನ್ನು ಅವನು ಬಿಡಲಿಲ್ಲ.

"ಫಸ್ಟ್ ಸಿಸ್ಟಮ್‌ಗೆ ಎಲ್ಲಾರೂ ಒಂದೇ ತಪ್ಪು ಮಾಡ್ತಾರೆ ಸಾರ್," ಎನ್ನುತ್ತಿದ್ದ. "ದನಿ ಹುಟ್ಟಿಸೋ ಆಸಿಲೇಟರ್‌ನೇ ತಗೊಂಡು ತುಂಬಿಬಿಡ್ತಾರೆ. ಒಂದು ಆಸಿಲೇಟರ್ ಸಾಕು. ದನಿಯ ಬಣ್ಣ ಬದಲಾಯಿಸೋಕೆ ಒಂದು ಫಿಲ್ಟರ್. ಆಮೇಲೆ ವಿಸಿಎ ಬೇಕೇ ಬೇಕು."

"ಅದೇನು ಮಾಡುತ್ತೆ?"

"ದನಿಗೆ ಬಾಗಿಲು ಇದ್ದಂಗೆ ಸಾರ್. ತೆಗೆದ್ರೆ ಕೇಳುತ್ತೆ, ಮುಚ್ಚಿದ್ರೆ ನಿಲ್ಲುತ್ತೆ. ಇಲ್ದಿದ್ರೆ ಆಸಿಲೇಟರ್ ಕೂಗ್ತಾನೇ ಇರುತ್ತೆ."

"ಕೂಗ್ಲಿ. ಬಾಗಿಲು ಹಾಕ್ಕೊಂಡು ಹನ್ನೊಂದು ವರ್ಷ ಆಯ್ತು. ನನ್ನ ದನಿಗೆ ಬಾಗಿಲು ಬೇಡ," ಎಂದು ಇವರು ವಿಸಿಎ ಎಂದು ಬರೆದಿದ್ದ ರಟ್ಟನ್ನು ತೆಗೆದು ಆಚೆ ಇಟ್ಟರು.

ಇನ್ನೊಂದು ದಿನ ಮಿಕ್ಸರಿನ ಸರದಿ. ಇವರು ಆ ಹೊತ್ತಿಗೆ ಆಸಿಲೇಟರುಗಳನ್ನೇ ಮೂರು ಆರಿಸಿದ್ದರು. ಬಸವಕಿರಣ್ ಹಣೆ ಚಚ್ಚಿಕೊಂಡ.

"ಮೂರು ಯಾಕೆ ಸಾರ್? ಸರಿ, ಮೂರು ತಗೊಂಡ್ರಿ. ಮೂರನ್ನೂ ಒಟ್ಟಿಗೆ ಕೇಳ್ಬೇಕು ಅಂದ್ರೆ ಮಿಕ್ಸರ್ ಇರ್ಲೇಬೇಕು."

"ಒಟ್ಟಿಗೆ ಇಡೋದು ನಮ್ಮಪ್ಪನ ಕೈಲೇ ಆಗ್ಲಿಲ್ಲ. ಒಂದು ರಟ್ಟಿನಷ್ಟಗಲದ ಮಿಷನ್ ಇಡುತ್ತಾ? ಬೇಡ."

"ಕೀಬೋರ್ಡ್ ಆದ್ರೂ ಒಂದು ಚಿಕ್ಕದು..."

"ಕೀ ಒತ್ತೋದು ಆ ಕಡೆಯವರ ಕೆಲಸ. ನನಗೆ ಬೇಡ."

ಹೀಗೆ ಒಂದೊಂದನ್ನೂ ಅಣ್ಣನ ಮೇಲಿನ ಸಿಟ್ಟಿನಿಂದಲೇ ಆರಿಸಿದರು, ಅದೇ ಸಿಟ್ಟಿನಿಂದಲೇ ಬಿಟ್ಟರು. ತಪ್ಪದೆ ಮಾಡಿದ್ದು ಒಂದೇ, ಕರೆಂಟಿನ ಲೆಕ್ಕ. ಯಾವ ಮಾಡ್ಯೂಲ್ ಎಷ್ಟು ಎಳೆಯುತ್ತದೆ, ಪವರ್ ಸಪ್ಲೈ ಎಷ್ಟು ತಡೆಯುತ್ತದೆ, ಒಳಗಿನ ಪಟ್ಟಿ ವೈರಿನ ಕೆಂಪು ಅಂಚು ಯಾವ ಕಡೆ ಬರಬೇಕು, ಇದರಲ್ಲಿ ಬಸವಕಿರಣ್ ಇವರಿಗೆ ಹೇಳಿಕೊಡುವುದು ಏನೂ ಇರಲಿಲ್ಲ. ಉಳಿದದ್ದರಲ್ಲಿ ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ನಾನು ಮಾತಾಡಲಿಲ್ಲ ಎಂದಲ್ಲ. ಒಂದು ಮಧ್ಯಾಹ್ನ ಆ ಮೂರು ರಟ್ಟು ನೋಡಿಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದಾಗ ಹೊಳೆಯಿತು. ಮಾವನವರ ಹಾರ್ಮೋನಿಯಂ ಮೂರು ಸಾಲು ರೀಡಿನದು, ದನಿ ಕೊಡುವ ಹಿತ್ತಾಳೆಯ ನಾಲಗೆಗಳದು. ಒಂದು ಕೀ ಒತ್ತಿದರೆ ಕೆಳಗಿನದು, ನಡುವಿನದು, ಮೇಲಿನದು ಎಂದು ಮೂರು ರೀಡು ಒಟ್ಟಿಗೆ ನುಡಿಯುತ್ತಿದ್ದವು. ಬಾಯಲ್ಲಿ ಬೇಡ ಬೇಡ ಎನ್ನುತ್ತಾ ಈ ಮನುಷ್ಯ ಹಾರ್ಮೋನಿಯಮನ್ನೇ ಆರಿಸುತ್ತಿದ್ದಾರೆ.

"ಇಷ್ಟೆಲ್ಲ ಬೇಕೇನ್ರೀ? ಗೋಡೆಯ ಆ ಕಡೆ ಇದೆಯಲ್ಲ," ಎಂದೆ.

ಮೂರು ರಟ್ಟನ್ನೂ ಬಾಚಿ ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ಪೆಟ್ಟಿಗೆ ಮಾಡಿಸಲು ಕುರುಬರಹಳ್ಳಿಯ ಬಡಗಿ ಮುತ್ತುರಾಜನನ್ನು ಕರೆಸಿದರು. ಅವನು ಅಳತೆ ತೆಗೆದುಕೊಳ್ಳುತ್ತಾ, "ದೇವರ ಮಂಟಪವಾ ಸಾರ್? ಮೇಲೆ ಒಂದು ಗೋಪುರ ಕೂರಿಸ್ಲಾ?" ಎಂದು ಕೇಳಿದ. ದೇವರ ಕೋಣೆ ಕಳೆದುಕೊಂಡವರ ಮನೆಯಲ್ಲಿ ಕೇಳಬಾರದ ಪ್ರಶ್ನೆ. ಅವನನ್ನು ಬೈದು, ತಾವು ಆರಿಸಿದ ಐದು ಮಾಡ್ಯೂಲಿಗೆ ಅಳೆದು ಸರಿಯಾಗಿ ಪೆಟ್ಟಿಗೆ ಮಾಡಿಸಿದರು. ಮೂರು ಆಸಿಲೇಟರ್, ಒಂದು ಫಿಲ್ಟರ್, ಸ್ಪೀಕರಿಗೆ ದನಿ ಕಳಿಸುವ ಔಟ್‌ಪುಟ್ ಒಂದು. "ಸ್ವಲ್ಪ ಜಾಗ ಖಾಲಿ ಬಿಡಿ ಸಾರ್, ಮುಂದೆ ಬೇಕಾಗುತ್ತೆ" ಎಂದು ಬಸವಕಿರಣ್ ಬೇಡಿಕೊಂಡ. ಸೈಟಿನ ಅಂಚಿನವರೆಗೂ ಕಟ್ಟಿ ಗಾಳಿಗೆ ಒಂದು ಗೇಣು ಬಿಡದ ರಾಜಾಜಿನಗರದವರಿಗೆ ಖಾಲಿ ಬಿಡಿ ಎಂದರೆ ಅರ್ಥವಾದೀತೇ? ಇನ್ನೊಂದು ಬೆರಳು ತೂರಿಸಲೂ ಜಾಗವಿರಲಿಲ್ಲ.

ಹೊರದೇಶದ ಪಾರ್ಸೆಲ್ಲುಗಳು ಒಂದೊಂದಾಗಿ ಬಂದವು. ಮಾರೇನಹಳ್ಳಿಯ ಅಂಗಡಿಯಿಂದ ಒಂದು ಸ್ಪೀಕರ್ ಬಂತು. ಎಲ್ಲ ಜೋಡಿಸಿ, ಪೆಟ್ಟಿಗೆಯನ್ನು ಅರ್ಧ ಇಟ್ಟಿಗೆಯ ಗೋಡೆಗೇ ಒತ್ತರಿಸಿ ಇಟ್ಟು, ಸ್ಪೀಕರಿನ ಮುಖವನ್ನೂ ಗೋಡೆಗೇ ತಿರುಗಿಸಿದರು. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು.

ಪ್ಲಗ್ ಹಾಕಿದ್ದೇ ಅದು ಕೂಗಿತು. ಕೂಗುತ್ತಲೇ ಇತ್ತು. ಬಾಗಿಲು ಬೇಡ ಎಂದಿದ್ದರಲ್ಲ, ಹಾಗೇ ಆಯಿತು. ನಿಲ್ಲಿಸಬೇಕೆಂದರೆ ವೈರು ಕೀಳಬೇಕು, ಇಲ್ಲವೇ ಪ್ಲಗ್ಗು ಕೀಳಬೇಕು. ಮೂರು ಆಸಿಲೇಟರ್ ಇದ್ದರೂ ಕೇಳಿಸಿದ್ದು ಒಂದೇ, ಮಿಕ್ಸರ್ ಇಲ್ಲವಲ್ಲ. ಮೂವರು ಹಾಡುಗಾರರನ್ನು ಕರೆಸಿ ಒಂದೇ ಮೈಕು ಕೊಟ್ಟ ಹಾಗೆ, ಒಬ್ಬ ಹಾಡುವಾಗ ಇಬ್ಬರು ಸುಮ್ಮನೆ ಕೂರಬೇಕು. ನನಗೆ ನಗು ಬಂತು. ನಕ್ಕೆ. ಇವರು ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ನಾಬು ತಿರುಗಿಸುತ್ತಿದ್ದರು. ದನಿ ಮೇಲಕ್ಕೆ ಹೋಯಿತು, ಕೆಳಗೆ ಬಂತು, ಸಣ್ಣಗೆ ಅಲ್ಲಾಡಿತು, ನಿಂತಿತು.

ನಿಂತಲ್ಲಿ ನಾನೂ ನಿಂತುಬಿಟ್ಟೆ. ಅದು ಮಾವನವರ ಹಾರ್ಮೋನಿಯಂನ ಷಡ್ಜ. ಆ ಹಾರ್ಮೋನಿಯಂನ ಸ್ವರ ಅಂಗಡಿಯ ಹಾರ್ಮೋನಿಯಂಗಳಿಗಿಂತ ಕೂದಲೆಳೆಯಷ್ಟು ಮೇಲಿತ್ತು ಎಂದು ಇವರು ಯಾವಾಗಲೂ ಹೇಳುತ್ತಿದ್ದರು. ಹನ್ನೊಂದು ವರ್ಷ ಕೈ ತಾಗದಿದ್ದ ಸ್ವರವನ್ನು ಗೋಡೆಯಾಚೆ ಕೇಳಿದ ನೆನಪಿನಿಂದಲೇ ಎಳೆದು ತಂದು ಅಲ್ಲಿ ನಿಲ್ಲಿಸಿದ್ದರು. ಇವರ ಕಣ್ಣಂಚು ಒದ್ದೆಯಾಗಿತ್ತು. ಆ ಗಳಿಗೆಯಲ್ಲಿ ನನಗೆ ಇವರ ಮೇಲೆ ಪ್ರೀತಿ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಆ ಕಡೆ ಪೂಜೆ ಮುಗಿದು ಭಾವ ಹಾರ್ಮೋನಿಯಂ ಹಿಡಿದರು. ಗೋಡೆಯ ಆಚೆಯ ಸ್ವರವೂ ಈಚೆಯ ಸ್ವರವೂ ಸೇರಿ ಒಂದೇ ಆಯಿತು. ಗೋಡೆ ಇದೆ ಎಂದು ಕಿವಿಗೆ ಗೊತ್ತಾಗುತ್ತಿರಲಿಲ್ಲ. ಈಗ ಸರಿಹೋಗುತ್ತದೆ, ಈಗ ಈ ಮನುಷ್ಯ ಎದ್ದು ಆ ಕಡೆ ಹೋಗುತ್ತಾರೆ ಎಂದುಕೊಂಡೆ.

ಇವರು ಕಣ್ಣು ತೆರೆದು, ನಾಬಿನ ಮೇಲೆ ಎರಡು ಬೆರಳಿಟ್ಟು, ಇಷ್ಟೇ ಇಷ್ಟು ಕೆಳಕ್ಕೆ ತಿರುಗಿಸಿದರು.

ಕೂಡಿದ್ದ ಎರಡು ಸ್ವರ ಬೇರೆಯಾಗಿ ಒಂದನ್ನೊಂದು ಗುದ್ದಾಡತೊಡಗಿದವು. ವ್ವ ವ್ವ ವ್ವ ಎಂದು ಗೋಡೆಯೇ ನಡುಗಿದ ಹಾಗೆ. ಭಾವ ಹಾಡಲು ಬಾಯಿ ತೆರೆದರು. ಕಂಠ ಹಾರ್ಮೋನಿಯಂ ಕಡೆ ಹೋಗಲೋ ಗೋಡೆಯ ಕಡೆ ಬರಲೋ ತಿಳಿಯದೆ ತತ್ತರಿಸಿತು. ಎರಡು ಸಾಲು ಹಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ಈ ಕಡೆ ನನ್ನ ಗಂಡ ನಗುತ್ತಿದ್ದರು.

ಆ ಕೈಯನ್ನು ಒನಕೆಯಲ್ಲಿ ಜಜ್ಜಬೇಕು ಎನಿಸಿತು. ಪ್ಲಗ್ ಕಿತ್ತೆಸೆದೆ. ಅವರು ಮತ್ತೆ ಹಾಕಿದರು. "ಅಪ್ಪನ ಸ್ವರ ಗೊತ್ತಿದ್ದೂ ಬೇಕಂತಲೇ ಕೆಡಿಸ್ತಾ ಇದೀರಲ್ಲ, ನಾಚಿಕೆಯಾಗಲ್ವಾ?" ಎಂದೆ. "ಅವನು ದೇವರ ಕೋಣೆಯಲ್ಲಿ ಕೂತು ಹಾಡೋವಾಗ ನಾಚ್ಕೊಂಡ್ನಾ?" ಎಂದರು. ಆರಿಸಿದ್ದು ತಾವು, ನಾಚಬೇಕಾದವರು ಅಣ್ಣ.

ದಿನಾ ಇದೇ ಆಯಿತು. ಭಾವನ ಪೂಜೆಯ ಗಂಟೆ ಕೇಳಿದ್ದೇ ಇವರು ಪೆಟ್ಟಿಗೆಯ ಮುಂದೆ ಹಾಜರು. ಮೊದಲ ದಿನ ತಿರುಗಿಸಿದ ನಾಬನ್ನು ಮತ್ತೆ ಅಲ್ಲಾಡಿಸದಂತೆ ಅದರ ಮೇಲೆ ಟೇಪು ಅಂಟಿಸಿದರು. ಬಸವಕಿರಣ್ ಇಳಿದು ಬಂದು, "ಸಾರ್, ಪಕ್ಕದ ಮನೆ ಹಾರ್ಮೋನಿಯಂಗೂ ನಿಮ್ಮದಕ್ಕೂ ಹೊಡೀತಾ ಇದೆ, ಸ್ವಲ್ಪ ಮೇಲಕ್ಕೆ ತಗೊಳ್ಳಿ" ಎಂದ, ಪಾಪ, ಇವರಿಗೆ ಗೊತ್ತಾಗಿಲ್ಲ ಎಂದುಕೊಂಡು. "ನಿನ್ನ ಕೆಲಸ ನೋಡ್ಕೊಳಯ್ಯಾ" ಎಂದು ಅವನನ್ನು ಅಟ್ಟಿದರು. ನಾನು ಇವರಿಗೆ ಸಂಜೆಯ ಕಾಫಿ ನಿಲ್ಲಿಸಿದೆ. ತಾವೇ ಕಾಯಿಸಿಕೊಂಡು, ಹಾಲು ಉಕ್ಕಿಸಿ, ಒಲೆ ಹಾಳುಮಾಡಿ ಕುಡಿದರು. ವಚನಾಳಿಗೆ ಏನು ಹೇಳಲಿ? ತಾರಸಿಯಲ್ಲಿ ಸಿಕ್ಕಾಗ "ಚಿಕ್ಕಪ್ಪ ಸಂಜೆ ಅದೇನು ನುಡಿಸ್ತಾರೆ ಚಿಕ್ಕಮ್ಮ?" ಎಂದು ಕೇಳಿದಳು. "ತಲೆ ಕೆಟ್ಟಿದೆ" ಎಂದೆ. ಅವಳು ನಕ್ಕಳು. ಅವಳ ನಗು ನನಗೆ ಅರ್ಥವಾಗಲಿಲ್ಲ.

ಆಮೇಲೆ ಒಂದು ಸಂಜೆ ಗಂಟೆ ಕೇಳಿತು, ಹಾರ್ಮೋನಿಯಂ ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ. ಆ ವಾರವೆಲ್ಲ ಆ ಕಡೆ ಮೌನ. ನನ್ನ ಗಂಡ ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದರು. "ಹಾಡೋದು ಬಿಟ್ಟ ಕಣೇ. ಗೆದ್ದೆ," ಎಂದರು. "ಏನು ಗೆದ್ರಿ? ಇನ್ನು ಅದನ್ನೂ ಕೇಳೋ ಹಾಗಿಲ್ಲ," ಎಂದೆ. ಆ ದಿನ ಊಟಕ್ಕೆ ಕೂತವರು ಅನ್ನ ಕಲಸಿಕೊಂಡು ಹಾಗೇ ಕೂತಿದ್ದರು. ಕೇಳಲು ಏನೂ ಇಲ್ಲದ ಗೋಡೆಗೆ ಕಿವಿಗೊಟ್ಟುಕೊಂಡು. ನನಗೆ ಕನಿಕರ ಬರಲಿಲ್ಲ. ಅನುಭವಿಸಲಿ ಎಂದುಕೊಂಡೆ.

ಮುಂದಿನ ಸೋಮವಾರ ಸಂಜೆ ಪೂಜೆಯ ಗಂಟೆಯಾಯಿತು. ಇವರು ಅಭ್ಯಾಸದಂತೆ ಪ್ಲಗ್ ಹಾಕಿದರು. ಪೆಟ್ಟಿಗೆ ಟೇಪು ಅಂಟಿಸಿದ ಸ್ವರದಲ್ಲಿ ಕೂಗತೊಡಗಿತು. ಸ್ವಲ್ಪ ಹೊತ್ತಿಗೆ ಆ ಕಡೆ ಹಾರ್ಮೋನಿಯಂ ಎದ್ದಿತು. ನಾನು ಗುದ್ದಾಟಕ್ಕೆ ಹಲ್ಲುಕಚ್ಚಿ ನಿಂತೆ.

ಗುದ್ದಾಟ ಬರಲಿಲ್ಲ. ಎರಡು ಸ್ವರ ಒಂದೇ ಆಗಿ ನಿಂತವು, ಆ ಮೊದಲ ಸಂಜೆ ಒಂದು ಗಳಿಗೆ ನಿಂತಿದ್ದ ಹಾಗೆ.

ಇವರು ಬೆಚ್ಚಿದರು. ಆಸಿಲೇಟರ್ ತಾನಾಗಿ ಜರುಗಿರಬೇಕು ಎಂದು ಟೇಪು ಕಿತ್ತು ನೋಡಿದರು. ನಾಬು ಇದ್ದಲ್ಲೇ ಇತ್ತು. ಅದನ್ನು ಮೇಲಕ್ಕೆ, ಮಾವನವರ ಷಡ್ಜಕ್ಕೆ ತಂದರು. ಆಗ ವ್ವ ವ್ವ ವ್ವ. ಮತ್ತೆ ಕೆಳಗೆ ತಂದರು, ಕೂಡಿಕೊಂಡಿತು. ಜರುಗಿದ್ದು ಪೆಟ್ಟಿಗೆಯಲ್ಲ, ಹಾರ್ಮೋನಿಯಂ. ಆ ಕಿವಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿರಬೇಕು.

ಕರೆಗಂಟೆ ಸದ್ದಾಯಿತು. ವಚನಾ, ಮುಂಬಾಗಿಲಿನಲ್ಲಿ. ಗೋಡೆ ಎದ್ದ ಮೇಲೆ ಮೊದಲ ಸಲ. ಕೈಯಲ್ಲಿ ಮುಚ್ಚಿದ ತಟ್ಟೆ, ತೆಗೆದರೆ ಹೋಳಿಗೆ.

"ಅಪ್ಪ ಕಳಿಸಿದ್ರು," ಎಂದಳು. ಮುಖ ಅರಳಿತ್ತು. "ಚಿಕ್ಕಪ್ಪ, ನೀವು ಶ್ರುತಿ ಹಿಡಿಯೋಕೆ ಶುರು ಮಾಡಿದ ದಿನ ಅಪ್ಪ ಅತ್ತುಬಿಟ್ರು ಗೊತ್ತಾ? ನನ್ನ ಪೂಜೆ ಹೊತ್ತಿಗೇ ಸರಿಯಾಗಿ ಚನ್ನ ಷಡ್ಜ ಕೊಡ್ತಾ ಇದಾನೆ, ನೋಡೇ ಅಂದ್ರು. ಆದ್ರೆ ಹಾರ್ಮೋನಿಯಂ ಅದಕ್ಕೆ ಸೇರ್ತಾನೇ ಇರ್ಲಿಲ್ಲ. ಹಳೇದಾಗಿ ಶ್ರುತಿ ತಪ್ಪಿದೆ, ನಾನು ನುಡಿಸಿ ನುಡಿಸಿ ಕೆಡಿಸಿದೀನಿ, ಅದನ್ನ ತೋರಿಸ್ಕೊಡೋಕೇ ಚನ್ನ ಹೀಗೆ ಮಾಡ್ತಿರೋದು ಅಂತ ರಿಪೇರಿಯವರಿಗೆ ಕೊಟ್ರು."

"ರಿಪೇರಿಗೆ?" ಎಂದರು ಇವರು.

"ಗೋಡೆಗೆ ಮೊಬೈಲ್ ಹಿಡಿದು ನಿಮ್ಮ ಸ್ವರ ರೆಕಾರ್ಡ್ ಮಾಡ್ಕೊಂಡು ಹೋದ್ವಿ. ಅವ್ರು ಕೇಳಿ, ನಿಮ್ಮ ಹಾರ್ಮೋನಿಯಂ ಸ್ವರಗಳು ಒಂದಕ್ಕೊಂದು ಸರಿಯಾಗೇ ಇವೆ, ಸುಮ್ನೆ ಮುಟ್ಟಬೇಡಿ ಅಂದ್ರು. ಅಪ್ಪ ಕೇಳ್ಬೇಕಲ್ಲ! ನಮ್ಮ ಚನ್ನನ ಕಿವಿ ತಪ್ಪಿದ್ದು ಅವನು ಹುಟ್ಟಿದಾಗಿಂದ ಕಂಡಿಲ್ಲ, ಉಜ್ಜಿ ಅಂದ್ರು."

"ಎಷ್ಟು ರೀಡು ಉಜ್ಜಿದ್ರು?"

"ಎಲ್ಲಾ. ಮೂರು ಸಾಲೂ."

ಇವರು ಕುರ್ಚಿಯ ತೋಳು ಹಿಡಿದುಕೊಂಡರು. ರೀಡಿನ ಹಿತ್ತಾಳೆಯನ್ನು ಅರದಿಂದ ಉಜ್ಜಿದರೆ ಉಜ್ಜಿದ್ದು ಹೋಯಿತು. ಇನ್ನೊಂದು ತುದಿ ಉಜ್ಜಿ ಸ್ವರ ಏರಿಸಬಹುದಂತೆ, ಆದರೆ ತೆಳುವಾದ ಹಳೆಯ ರೀಡು ಮತ್ತೆ ಆ ದನಿ ಕೊಡುವುದಿಲ್ಲವಂತೆ. ಇದನ್ನೆಲ್ಲ ನನಗೆ ಇವರೇ ಎಂದೋ ಹೇಳಿದ್ದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಇಲ್ಲಿ ಮೂಗು ಕೊಯ್ದದ್ದು ಇವರು, ಅರ ಹಿಡಿಸಿದ್ದು ಇವರನ್ನು ನಂಬಿದ ಅಣ್ಣ.

"ಅಪ್ಪ ಹಾರ್ಮೋನಿಯಂ ಮುಂದೆ ಕೂತಿದಾರೆ," ಎಂದಳು ವಚನಾ. "ಹಾಡು ಇನ್ನೂ ಶುರು ಮಾಡಿಲ್ಲ. 'ಸರಿ ಇದೆಯೇನೋ ಚನ್ನಾ' ಅಂತ ಕೇಳ್ಕೊಂಡು ಬಾ ಅಂದ್ರು."

ಇವರು ನನ್ನ ಮುಖ ನೋಡಿದರು. ನಾನು ಏನಾದರೂ ಹೇಳಿ ಉಳಿಸುತ್ತೇನೆ ಎಂದುಕೊಂಡರೋ ಏನೋ. ನಾನು ಹೋಳಿಗೆಯ ತಟ್ಟೆ ಒಳಗಿಡುವ ನೆವದಲ್ಲಿ ಬೆನ್ನು ತಿರುಗಿಸಿದೆ. ಪೆಟ್ಟಿಗೆ ತನ್ನ ಪಾಡಿಗೆ ಕೂಗುತ್ತಿತ್ತು, ಅದಕ್ಕೆ ಬಾಗಿಲಿಲ್ಲ.

"ಸರಿ ಇದೆ ಅಂತ ಹೇಳು," ಎಂದರು ಕೊನೆಗೆ.

ವಚನಾ ಓಡಿದಳು. ಚಪ್ಪಲಿಯ ಸದ್ದು ನಮ್ಮ ಗೇಟಿನಿಂದ ಅವರ ಗೇಟಿಗೆ ಹೋಯಿತು. ಅದರ ಹಿಂದೆಯೇ ಭಾವನ ಕಂಠ, ಎಲ್ಲೂ ತತ್ತರಿಸದೆ, ಇವರು ಸಿಟ್ಟಿನಿಂದ ಇಳಿಸಿದ ಆ ಸ್ವರದ ಮೇಲೆ ಕೂತು ಹಾಡತೊಡಗಿತು. ಬೆರಳು ಎಂದಿನಂತೆ ತಪ್ಪುತ್ತಿತ್ತು. ಇವರು ಬೈಯಲಿಲ್ಲ. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು. ನಾಬಿನ ಕಡೆಗೆ ಕೈ ಹೋಗದ ಹಾಗೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಹಾಡು ಮುಗಿಯುವವರೆಗೆ ಹಾಗೇ ಇದ್ದರು.

"ಅದು ಅಪ್ಪನ ಸ್ವರ ಅಲ್ಲ ಕಣೇ," ಎಂದರು ಆಮೇಲೆ.

"ಅಲ್ಲ. ನೀವು ಆರಿಸಿದ್ದು," ಎಂದೆ. "ಕೇಳಿ."